ಹೊಟ್ಟೆ ಉಬ್ಬರಕ್ಕೆ ಪ್ರೋಬಯಾಟಿಕ್ ಕೊಳ್ಳುವ ಮುನ್ನ

ಪ್ರಶ್ನೆ: ಆ್ಯಂಟಿಬಯಾಟಿಕ್ ಮುಗಿಸಿ ನಾಲ್ಕು ತಿಂಗಳಾಯಿತು. ಅಂದಿನಿಂದ ದಿನಕ್ಕೊಂದು ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ಮಾರುವ ಜೀವಂತ ಜೀವಾಣುಗಳ) ಕ್ಯಾಪ್ಸೂಲ್ ನುಂಗುತ್ತಿದ್ದೇನೆ. ಹೊಟ್ಟೆ ಉಬ್ಬರ ಹಾಗೆಯೇ ಇದೆ. ಇನ್ನೂ ಪ್ರಬಲವಾದದ್ದನ್ನು ಕೊಳ್ಳಲೇ?

ಉತ್ತರ: ಬೇಡ. ಈಗ ನುಂಗುತ್ತಿರುವುದನ್ನೂ ನಿಲ್ಲಿಸಿ. ಈ ಪ್ರಶ್ನೆ ಬಾರದ ವಾರವೇ ಇಲ್ಲ. ನಾಲ್ಕು ತಿಂಗಳು ನುಂಗಿದರೂ ಗುಣ ಕಾಣದ ಔಷಧವನ್ನು ಬೇರೆ ಕಾಯಿಲೆಗಾದರೆ ಎಂದೋ ಬಿಟ್ಟಿರುತ್ತಿದ್ದಿರಿ. ಇದನ್ನು ಮಾತ್ರ ಏಕೆ ಹೆಚ್ಚಿಸಲು ಹೊರಟಿದ್ದೀರಿ?

ಡಬ್ಬಿಯ ಮೇಲೆ ‘1000 ಕೋಟಿ ಜೀವಾಣುಗಳು’ ಎಂದು ಬರೆದಿದ್ದರೆ ದೊಡ್ಡದಾಗಿ ಕಾಣುತ್ತದೆ. ನಮ್ಮ ದೇಹದಲ್ಲಿರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ಬಹುಪಾಲು ದೊಡ್ಡ ಕರುಳಿನಲ್ಲೇ. ಹೊಸದಾಗಿ ಬಂದವು ಸಾಮಾನ್ಯವಾಗಿ ಅಲ್ಲಿ ನೆಲೆಯೂರುವುದಿಲ್ಲ, ಹಾದುಹೋಗುತ್ತವೆ. ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಆದರೆ ನಿಮಗೆ ನೇರವಾಗಿ ಸಂಬಂಧಿಸಿದ್ದು. ಆ್ಯಂಟಿಬಯಾಟಿಕ್ ನಂತರ ಪ್ರೋಬಯಾಟಿಕ್ ತೆಗೆದುಕೊಂಡವರ ಕರುಳಿಗೆ ಮೊದಲಿನ ಬ್ಯಾಕ್ಟೀರಿಯಾ ಮರಳಲು, ಏನೂ ತೆಗೆದುಕೊಳ್ಳದವರಿಗಿಂತ ಹೆಚ್ಚು ಕಾಲ ಹಿಡಿಯಿತು.

ಹಾಗಾದರೆ ಎಲ್ಲವೂ ವ್ಯರ್ಥವೇ? ಅಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಸಾಕ್ಷ್ಯಗಳನ್ನು ಪರಿಶೀಲಿಸಿ, ಕೆಲವೇ ಸಂದರ್ಭಗಳಿಗೆ ನಿರ್ದಿಷ್ಟ ತಳಿಗಳನ್ನು ಸೂಚಿಸಿತು. ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗ ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಡೆಯುವುದು ಅವುಗಳಲ್ಲೊಂದು. ನಡೆಯುತ್ತಿರುವಾಗ ಎಂಬುದನ್ನು ಗಮನಿಸಿ; ಮುಗಿದು ನಾಲ್ಕು ತಿಂಗಳ ಮೇಲಲ್ಲ. ‘ತಳಿ’ ಎಂಬುದೂ ಮುಖ್ಯ. ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಎಂದಷ್ಟೇ ಬರೆದರೆ ಅದು ಮನೆತನದ ಹೆಸರು. ಅದರ ಕೊನೆಗೆ ಸೇರುವ ‘ಜಿಜಿ’ಯಂಥ ಅಕ್ಷರಗಳಿಂದಲೇ ಅದು ಯಾವ ತಳಿಯೆಂದು ತಿಳಿಯುವುದು. ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ಆರೋಪಿಸಿ ಮಾರುವುದು ಮೋಸ.

ನನಗೆ ನಿಜವಾಗಿ ಆತಂಕ ತರುವುದು ಕಳೆದುಹೋಗುವ ಸಮಯ. ಒಬ್ಬ ಮಹಿಳೆ ಐದು ಖಾಲಿ ಡಬ್ಬಿಗಳನ್ನು ಚೀಲದಿಂದ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ‘ಕರುಳು ಶುದ್ಧಿ’ ಮಾಡುತ್ತೇನೆಂದ ಒಬ್ಬ ಸಲಹೆಗಾರ ಬರೆದುಕೊಟ್ಟಿದ್ದನಂತೆ. ನಾನು ನೋಡಿದ್ದು ಆಕೆಯ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು, ಬೆಳ್ಳಗಿತ್ತು. ರಕ್ತಹೀನತೆ. ಪರೀಕ್ಷೆಗಳಲ್ಲಿ ಸೀಲಿಯಾಕ್ ಕಾಯಿಲೆ ಎಂದು ಖಚಿತವಾಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಬಿಟ್ಟ ಮೇಲೆ ಚೇತರಿಸಿಕೊಂಡರು. ಐದು ಡಬ್ಬಿ ಮುಗಿಯುವ ತನಕ ಯಾರೂ ಆಕೆಗೆ ಒಂದು ರಕ್ತಪರೀಕ್ಷೆ ಮಾಡಿಸಿರಲಿಲ್ಲ ಎಂಬುದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಈ ವಾರವೇ ವೈದ್ಯರನ್ನು ಕಾಣಿ. ಐವತ್ತು ದಾಟಿದ ಮಹಿಳೆಯರಲ್ಲಿ ಹೊಸದಾಗಿ ಶುರುವಾಗಿ ಇಳಿಯದ ಉಬ್ಬರವಿದ್ದರೆ ಅಂಡಾಶಯವನ್ನೂ ಪರೀಕ್ಷಿಸಬೇಕು. ಇವಾವುದೂ ಇಲ್ಲದಿದ್ದರೆ ಮೊದಲು ಮಲಬದ್ಧತೆ, ಹಾಲಿನ ಸಕ್ಕರೆ ಜೀರ್ಣವಾಗದಿರುವುದು ಇವೆಯೇ ಎಂದು ನೋಡಿಸಿ.

ಪ್ರಶ್ನೆ: ಪ್ರೋಬಯಾಟಿಕ್ ಪುಡಿಯನ್ನು ಬಿಸಿ ಪಾನೀಯದಲ್ಲಿ ಕಲಸಬಹುದೇ?

ಉತ್ತರ: ಬಿಸಿಗೆ ಹೆಚ್ಚಿನವು ಸಾಯುತ್ತವೆ.

ಪ್ರಶ್ನೆ: ಮಲ ಪರೀಕ್ಷಿಸಿ ನನಗೇ ಹೊಂದುವ ಪ್ರೋಬಯಾಟಿಕ್ ಕೊಡುತ್ತಾರಂತೆ?

ಉತ್ತರ: ಹಾಗೆ ಹೊಂದಿಸಿ ಕೊಡುವಷ್ಟು ವಿಜ್ಞಾನ ಇನ್ನೂ ಬೆಳೆದಿಲ್ಲ. ಹಣ ಉಳಿಸಿಕೊಳ್ಳಿ.

ಪ್ರಶ್ನೆ: ತಂದೆಗೆ ಕೀಮೋಥೆರಪಿ ನಡೆಯುತ್ತಿದೆ. ಜೀರ್ಣಶಕ್ತಿಗೆಂದು ಪ್ರೋಬಯಾಟಿಕ್ ಕೊಡುತ್ತಿದ್ದೇನೆ. ಹೇಗೂ ಅಪಾಯವಿಲ್ಲವಲ್ಲ?

ಉತ್ತರ: ಇದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ಜೀವಾಣುಗಳೇ ರಕ್ತಕ್ಕೆ ಸೇರಿ ಸೋಂಕು ತಂದದ್ದುಂಟು. ನೆದರ್ಲೆಂಡ್ಸ್‌ನಲ್ಲಿ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ಪ್ರೋಬಯಾಟಿಕ್ ಕೊಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಪಡೆದವರಲ್ಲಿ 16 ಶೇಕಡಾ ಜನ ಸತ್ತರು, ಪಡೆಯದವರಲ್ಲಿ 6. ಇಂದೇ ನಿಲ್ಲಿಸಿ, ಡಬ್ಬಿಯನ್ನು ಅವರ ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಜ್ವರ ಬಂದರೆ ಬೆಳಗಾಗುವ ತನಕ ಕಾಯಬೇಡಿ.