ಭೂರ್ಜ ಮರದ ಔಷಧಿ ಅಂಶ ನಮ್ಮ ಪಾಲೆ ಮರದಲ್ಲೂ ಇದೆಯಾ?

ನಿಮ್ಮ ಪ್ರಶ್ನೆ ಇದು: "ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಕಷಾಯದಲ್ಲಿ ಭೂರ್ಜ ಮರದ ತೊಗಟೆಯ ಔಷಧಿಯೇ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ? ಎರಡೂ ಮರಗಳಲ್ಲಿ ಇರುವುದು ಒಂದೇ ಜೀನಾ?"

ನಾನು ಮಂಗಳೂರಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಊರು ಉಡುಪಿ ಹತ್ತಿರ. ಚಿಕ್ಕಂದಿನಿಂದ ಪ್ರತಿ ವರ್ಷ ಆ ಕಷಾಯ ಕುಡಿದಿದ್ದೇನೆ. ನಿಮಗೆ ಬಂದ ಮೆಸೇಜು ಅರ್ಧ ಸರಿ, ಅರ್ಧ ತಪ್ಪು.

ಮೊದಲು ಭೂರ್ಜದ ವಿಷಯ. ಹಿಮಾಚಲಕ್ಕೆ ಟ್ರೆಕಿಂಗ್ ಹೋಗಿದ್ದ ವಿದ್ಯಾರ್ಥಿಯೊಬ್ಬ ಕೆಳಗೆ ಬಿದ್ದಿದ್ದ ತೊಗಟೆಯ ಒಂದು ತುಂಡು ತಂದುಕೊಟ್ಟಿದ್ದ. ಕಾಗದದ ಹಾಗೆ ಪದರ ಪದರವಾಗಿ ಏಳುತ್ತದೆ. ಉಜ್ಜಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಆ ಪುಡಿಯಲ್ಲಿ ಮುಖ್ಯವಾಗಿ ಇರುವುದು ಬೆಟುಲಿನ್ ಎಂಬ ವಸ್ತು. ಭೂರ್ಜದ ಔಷಧಿ ಅಂಶ ಅನ್ನುವುದು ಇದನ್ನೇ. ಭೂರ್ಜಕ್ಕೆ ಇಂಗ್ಲಿಷಿನಲ್ಲಿ ಬರ್ಚ್ ಅನ್ನುತ್ತಾರೆ; ಅದೇ ಜಾತಿಯ ಯುರೋಪಿನ ಬಿಳಿ ಬರ್ಚ್ ಮರಗಳ ಬಣ್ಣವೂ ಇದರಿಂದಲೇ. ಒಣಗಿದ ಹೊರತೊಗಟೆಯ ತೂಕದಲ್ಲಿ ಶೇಕಡಾ 30ರವರೆಗೂ ಬೆಟುಲಿನ್ ಇರಬಹುದು. ಲೋವಿಟ್ಸ್ ಎಂಬ ರಸಾಯನಶಾಸ್ತ್ರಜ್ಞ 1788ರಲ್ಲೇ ಇದನ್ನು ಬೇರ್ಪಡಿಸಿದ್ದರು. ಗಿಡಗಳಿಂದ ಶುದ್ಧವಾಗಿ ತೆಗೆದ ಮೊದಮೊದಲ ವಸ್ತುಗಳಲ್ಲಿ ಇದೂ ಒಂದು.

ಇನ್ನು ಜೀನ್. ಅಷ್ಟಮಿಗೆ ನಿಮ್ಮ ಮನೆಯಲ್ಲೂ ಮೂಡೆ (ಓಲೆಯ ಕೊಳವೆಯಲ್ಲಿ ಬೇಯಿಸುವ ಇಡ್ಲಿ) ಮಾಡುತ್ತಾರೆ, ಅಲ್ವಾ? ನಮ್ಮ ಅಜ್ಜಿ ಮುಂಡೇವಿನ ಓಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುತ್ತುತ್ತಾ ಸುತ್ತುತ್ತಾ ಕೊಳವೆ ಮಾಡಿ ಕಡ್ಡಿ ಚುಚ್ಚುತ್ತಿದ್ದರು. ನೇರವಾಗಿದ್ದ ಉದ್ದ ಓಲೆ ನೋಡ್ತಾ ನೋಡ್ತಾ ಪಾತ್ರೆ ಆಗುತ್ತಿತ್ತು. ಅದೇ ಓಲೆಯಿಂದ ಚಾಪೆಯನ್ನೂ ಹೆಣೆಯುತ್ತಿದ್ದರು. ಮೂಡೆಯೋ ಚಾಪೆಯೋ ಅನ್ನುವುದು ಮಡಚುವ ಕೈಯ ಮೇಲೆ ನಿಂತಿದೆ.

ಗಿಡದ ಜೀವಕೋಶದಲ್ಲೂ ಅಂಥ ಒಂದು ಓಲೆ ಇದೆ. ಹೆಸರು ಆಕ್ಸಿಡೋಸ್ಕ್ವಾಲೀನ್. 30 ಕಾರ್ಬನ್‌ಗಳ ಉದ್ದ ಸರಪಳಿ. ಅದನ್ನು ಮಡಚುವ ಕೈಗಳೇ ಕಿಣ್ವಗಳು. ಒಂದೊಂದು ಕಿಣ್ವಕ್ಕೂ ಒಂದು ಜೀನ್. ಒಂದು ಕಿಣ್ವ ಮಡಚಿದರೆ ಸೈಕ್ಲೋಆರ್ಟೆನಾಲ್ ಆಗುತ್ತದೆ. ಜೀವಕೋಶದ ಪೊರೆಗೆ ಬೇಕಾದ ಸ್ಟೆರಾಲ್‌ಗಳು ಅದರಿಂದಲೇ ಬರುತ್ತವೆ, ಹಾಗಾಗಿ ಇದು ಎಲ್ಲ ಗಿಡಕ್ಕೂ ಬೇಕೇ ಬೇಕು. ಇನ್ನೊಂದು ಕಿಣ್ವ ಅದೇ ಸರಪಳಿಯನ್ನು ಬೇರೆ ರೀತಿ ಮಡಚಿ ಐದು ಉಂಗುರಗಳ ಲುಪಿಯೋಲ್ ಮಾಡುತ್ತದೆ. ಆಮೇಲೆ ಪಿ450 ಗುಂಪಿನ ಮತ್ತೊಂದು ಕಿಣ್ವ ಬಂದು ಲುಪಿಯೋಲ್‌ನ 28ನೇ ಕಾರ್ಬನ್‌ಗೆ ಆಕ್ಸಿಜನ್ ಸೇರಿಸುತ್ತದೆ. ಒಮ್ಮೆ ಸೇರಿಸಿದರೆ ಬೆಟುಲಿನ್. ಅಲ್ಲಿಗೆ ನಿಲ್ಲದೆ ಮುಂದುವರಿದರೆ ಬೆಟುಲಿನಿಕ್ ಆಮ್ಲ.

2003ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿಯ ಬಿಳಿ ಬರ್ಚ್‌ನಲ್ಲಿ ಇಂಥ ಮಡಚುವ ಜೀನ್‌ಗಳನ್ನು ನಾಲ್ಕು ಹುಡುಕಿದರು. ಎರಡು ಸೈಕ್ಲೋಆರ್ಟೆನಾಲ್‌ಗೆ, ಒಂದು ಲುಪಿಯೋಲ್‌ಗೆ, ಒಂದು ಲುಪಿಯೋಲ್‌ನಂಥದೇ ಇನ್ನೊಂದು ವಸ್ತುವಾದ ಬೀಟಾ-ಅಮೈರಿನ್‌ಗೆ. ನಾಲ್ಕೂ ಒಂದೇ ಕುಟುಂಬದವು. ಹಳೆಯ ಜೀನ್‌ಗೆ ನಕಲು ಹುಟ್ಟುತ್ತದೆ, ಮೂಲದ್ದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ನಕಲು ನಿಧಾನವಾಗಿ ಬದಲಾಗಿ ಹೊಸ ಮಡಿಕೆ ಕಲಿಯುತ್ತದೆ. ನನಗೆ ಈ ಪಾಠ ಮಾಡುವುದೆಂದರೆ ಈಗಲೂ ತುಂಬಾ ಖುಷಿ. 2017ರಲ್ಲಿ ಫಿನ್ಲೆಂಡಿನ ನೇತೃತ್ವದ ತಂಡ ಬರ್ಚ್‌ನ ಇಡೀ ಜೀನೋಮ್ (ಅದರ ಎಲ್ಲ ಜೀನ್‌ಗಳೂ ಇರುವ ಪೂರ್ತಿ ಬರಹ) ಓದಿ ಪ್ರಕಟಿಸಿತು.

ಈಗ ಪಾಲೆಗೆ ಬರೋಣ. ಪಾಲೆಯ ತೊಗಟೆಯಲ್ಲೂ ಲುಪಿಯೋಲ್ ಕುಟುಂಬದ ವಸ್ತುಗಳಿವೆ. ಮಾವಿನಲ್ಲೂ ಇವೆ. ಬೋರೆ ಮರದ ತೊಗಟೆಯಲ್ಲಿ ಬೆಟುಲಿನಿಕ್ ಆಮ್ಲವೇ ಇದೆ. ಆದ್ದರಿಂದ ಜೀನ್ ಕುಟುಂಬ ಒಂದೇ ಅನ್ನುವುದು ನಿಜ. ಆದರೆ ಭೂರ್ಜದ ವಿಶೇಷ ಇರುವುದು ಆ ಜೀನ್ ಎಲ್ಲಿ ಮತ್ತು ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಅನ್ನುವುದರಲ್ಲಿ. ಅದು ತೊಗಟೆಯ ಹೊರಪದರದಲ್ಲಿ ಬೆಟುಲಿನ್ ರಾಶಿ ಹಾಕುತ್ತದೆ. ಪಾಲೆ ಹಾಗೆ ಮಾಡುವುದಿಲ್ಲ. ಪಾಲೆ ಕಷಾಯದ ಆ ಕಹಿ ಎಕಿಟಮೀನ್‌ನಂಥ ಆಲ್ಕಲಾಯ್ಡ್ ಎಂಬ ಬೇರೆ ಬಗೆಯ ವಸ್ತುಗಳದ್ದು. ಅವುಗಳ ದಾರಿಯೇ ಬೇರೆ, ಜೀನ್‌ಗಳೂ ಬೇರೆ. ಹಾಗಾಗಿ "ಭೂರ್ಜದ ಔಷಧಿಯೇ ಇದೆ" ಅನ್ನುವುದು ತಪ್ಪು.

ಕ್ಯಾನ್ಸರ್ ಗುಣವಾಗುತ್ತದೆ ಅಂತಲೂ ಆ ಮೆಸೇಜಿನಲ್ಲಿ ಇದ್ದರೆ ದಯವಿಟ್ಟು ನಂಬಬೇಡಿ. 1995ರಲ್ಲಿ ಬೋರೆಯಿಂದ ತೆಗೆದ ಬೆಟುಲಿನಿಕ್ ಆಮ್ಲ ಇಲಿಗಳಲ್ಲಿ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆಯನ್ನು ತಡೆದದ್ದು ನಿಜ. ಅದು ಮನುಷ್ಯರ ಕ್ಯಾನ್ಸರ್ ಔಷಧಿಯಾಗಿ ಬಂದಿಲ್ಲ. ಬರ್ಚ್ ತೊಗಟೆಯಿಂದ ನಿಜವಾಗಿ ಔಷಧಿ ಆಗಿರುವುದು ಫಿಲ್ಸುವೆಜ್ ಎಂಬ ಜೆಲ್. ಸ್ವಲ್ಪ ತಿಕ್ಕಿದರೂ ಚರ್ಮ ಬೊಬ್ಬೆ ಬಂದು ಕಿತ್ತುಹೋಗುವ ಕಾಯಿಲೆಯೊಂದಿದೆ, ಎಪಿಡರ್ಮೊಲೈಸಿಸ್ ಬುಲ್ಲೋಸಾ ಅಂತ. ಹುಟ್ಟಿನಿಂದಲೇ ಬರುತ್ತದೆ. ಅದರ ಕೆಲವು ಬಗೆಗಳ ಗಾಯಕ್ಕೆ ಹಚ್ಚಲು 2022ರಲ್ಲಿ ಯುರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿರುವ ತೊಗಟೆ ಸಾರದ ಬಹುಪಾಲು ಬೆಟುಲಿನ್.

ಇಷ್ಟೆಲ್ಲ ಓದಿ ಈ ಸಲ ನೀವೇ ಪಾಲೆಯ ಕೆತ್ತೆ (ತೊಗಟೆ) ತರಲು ಹೊರಟರೆ ಒಂದು ಮಾತು. ನಸುಕಿನ ಕತ್ತಲಲ್ಲಿ, ಕಲ್ಲಿನಿಂದ ಜಜ್ಜಿ ತೆಗೆಯುವ ಪದ್ಧತಿ ನಮ್ಮದು. ಆ ಕತ್ತಲಲ್ಲಿ ಪಾಲೆ ಅಂತ ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ. ಅದರಲ್ಲಿ ಸ್ಟ್ರಿಕ್ನೀನ್ ಎಂಬ ವಿಷವಿದೆ. ಸುಮ್ನೆ ಅಂದಾಜಿನ ಮೇಲೆ ಹೋಗಬೇಡಿ. ಹಿಂದಿನ ದಿನ ಹಗಲಲ್ಲೇ ಮರ ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹೋಗಿ ನೋಡಿ. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ನಾಲ್ಕರಿಂದ ಏಳು ಎಲೆಗಳಿರುತ್ತವೆ, ಕಿತ್ತರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡೇ, ಹಾಲು ಇಲ್ಲ. ಗುರುತು ಹಿಡಿದ ಮರಕ್ಕೆ ಒಂದು ಬಾಳೆನಾರು ಕಟ್ಟಿ ಬನ್ನಿ.