ತಿಮಿಂಗಿಲ ಮೀನಲ್ಲ ಅಂತ ಬರೀ ನೋಡಿ ಹೇಳೋದು ಹೇಗೆ?

ನೀವು ಕೇಳಿರುವುದು ಇಷ್ಟು: ತಿಮಿಂಗಿಲ ನೀರಲ್ಲೇ ಇರುತ್ತದೆ, ನೋಡೋಕೆ ಮೀನಿನ ಹಾಗೇ ಇದೆ, ಆದರೂ ಮೀನಲ್ಲ ಅಂತಾರೆ. ಹಾಗಾದರೆ ಬೆನ್ನುಮೂಳೆ ಇರುವ ಪ್ರಾಣಿಗಳ ಗುಂಪುಗಳನ್ನು ಉರು ಹೊಡೆಯದೆ ಗುರುತು ಹಿಡಿಯುವುದು ಹೇಗೆ?

ಮಕ್ಕಳಿಗೆ ಈ ಪಾಠ ಮಾಡಿ ಮಾಡಿ ನನಗೊಂದು ಅಭ್ಯಾಸ ಬಿದ್ದಿದೆ. ಪ್ರಾಣಿ ಎಲ್ಲಿ ಬದುಕುತ್ತದೆ ಅನ್ನೋದನ್ನ ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಅದರ ಬೆನ್ನು ಯಾವ ಕಡೆಗೆ ಬಳುಕುತ್ತದೆ ಅಂತ.

ಮೀನು ಎಡಕ್ಕೆ ಬಲಕ್ಕೆ ಬಳುಕುತ್ತದೆ. ಅದರ ಬಾಲದ ರೆಕ್ಕೆ ನೆಟ್ಟಗೆ ನಿಂತಿರುತ್ತದೆ. ಗೋಡೆ ಮೇಲೆ ಓಡುವ ಹಲ್ಲಿಯನ್ನು ನೋಡಿ, ಕಾಲು ಬಂದಿದ್ದರೂ ಮೈ ಬಳುಕುವುದು ಮೀನಿನ ಹಾಗೇ. ಇದಕ್ಕೆ ಅದು ಬೆಲೆ ತೆರುತ್ತದೆ. ಮೈ ಒಂದು ಕಡೆ ಬಾಗಿದಾಗ ಆ ಕಡೆಯ ಶ್ವಾಸಕೋಶ ಅಮುಕಿಕೊಳ್ಳುತ್ತದೆ, ಓಡುತ್ತಾ ಸರಿಯಾಗಿ ಉಸಿರಾಡಲು ಆಗುವುದಿಲ್ಲ. ಹಲ್ಲಿ, ಓತಿಕ್ಯಾತಗಳು ಸರ್ರನೆ ಓಡಿ ಗಕ್ಕನೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಉಡ ಮಾತ್ರ ಜಾಣ, ಗಂಟಲನ್ನೇ ಪಂಪ್ ಮಾಡಿಕೊಂಡು ಓಡುವಾಗಲೂ ಗಾಳಿ ಒಳಗೆ ತಳ್ಳುತ್ತದೆ.

ಈಗ ನಾಯಿ ಜೋರಾಗಿ ಓಡುವುದನ್ನು ನೆನೆಸಿಕೊಳ್ಳಿ. ಬೆನ್ನು ಬಿಲ್ಲಿನ ಹಾಗೆ ಮೇಲೆ ಕೆಳಗೆ ಬಾಗುತ್ತದೆ. ಎರಡೂ ಶ್ವಾಸಕೋಶ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ನಾಗಾಲೋಟದಲ್ಲಿರುವ ಕುದುರೆಗೆ ಒಂದು ನೆಗೆತಕ್ಕೆ ಒಂದು ಉಸಿರು, ಲೆಕ್ಕ ತಪ್ಪುವುದಿಲ್ಲ.

ತಿಮಿಂಗಿಲದ ಗುಟ್ಟು ಇಲ್ಲೇ ಇದೆ. ಅದೂ ನಾಯಿ, ಕುದುರೆಗಳ ಹಾಗೆ ಸಸ್ತನಿ, ಅಂದರೆ ಮರಿಗೆ ಹಾಲೂಡಿಸುವ ಪ್ರಾಣಿ. ಅದರ ಬಾಲ ಮಲಗಿದ ಹಾಗೆ ಅಗಲಕ್ಕೆ ಇರುತ್ತದೆ, ಮೇಲೆ ಕೆಳಗೆ ಬಡಿಯುತ್ತದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದರ ಪೂರ್ವಜರು ನಾಲ್ಕು ಕಾಲಲ್ಲಿ ನೆಲದ ಮೇಲೆ ಓಡಾಡಿಕೊಂಡಿದ್ದವು. ನೀರಿಗೆ ಇಳಿದ ಮೇಲೆ ಹಿಂಗಾಲು ಹೋಯಿತು, ಸೊಂಟದ ಮೂಳೆಯ ಚೂರು ಮಾತ್ರ ಮಾಂಸದೊಳಗೆ ಉಳಿಯಿತು. ಓಡುವಾಗ ಬೆನ್ನು ಬಾಗುತ್ತಿದ್ದ ರೀತಿ ಮಾತ್ರ ಹಾಗೇ ಉಳಿದು, ಈಜಾಗಿ ಬದಲಾಯಿತು. ಡೈನೋಸಾರ್‌ಗಳ ಕಾಲದಲ್ಲಿ ಇಕ್ಥಿಯೋಸಾರ್ ಅಂತ ಕಡಲ ಸರೀಸೃಪ ಇತ್ತು. ಆಕಾರ ಥೇಟ್ ಡಾಲ್ಫಿನ್, ಆದರೆ ಬಾಲ ನೆಟ್ಟಗೆ! ಒಂದೇ ಸಮುದ್ರ, ಒಂದೇ ಆಕಾರ, ಬಾಲ ಮಾತ್ರ ಅವರವರ ಮನೆತನದ್ದು.

ಒಮ್ಮೆ ಒಬ್ಬ ಹುಡುಗಿ ನನ್ನನ್ನು ಸರಿಯಾಗಿ ಸಿಕ್ಕಿಸಿದಳು. ವಿಡಿಯೋದಲ್ಲಿ ಒಂದು ಚಪ್ಪಟೆ ಮೀನು ಮರಳಿಗೆ ಹತ್ತಿರದಲ್ಲೇ, ಮೈಯನ್ನು ಮೇಲೆ ಕೆಳಗೆ ಅಲೆಯಾಡಿಸುತ್ತಾ ಹೋಗುತ್ತಿತ್ತು. "ಸರ್, ಇದು ಸಸ್ತನಿನಾ?" ಅಂದಳು. ನಾನು ತಬ್ಬಿಬ್ಬು. ಆಮೇಲೆ ಹೊಳೆಯಿತು, ಆ ಮೀನು ಒಂದು ಮಗ್ಗುಲಿಗೆ ಮಲಗಿಕೊಂಡು ಈಜುತ್ತದೆ. ಮರಿಯಾಗಿದ್ದಾಗ ಎರಡು ಕಡೆ ಇದ್ದ ಕಣ್ಣುಗಳಲ್ಲಿ ಒಂದು ಬೆಳೆಯುತ್ತಾ ಇನ್ನೊಂದರ ಪಕ್ಕಕ್ಕೆ ಸರಿದು ಬರುತ್ತದೆ. ಅದರ ಮೈ ಲೆಕ್ಕಕ್ಕೆ ಅದು ಎಡ-ಬಲವೇ.

ಹಕ್ಕಿಗೆ ಈ ಉಪಾಯ ಅಷ್ಟು ನಡೆಯುವುದಿಲ್ಲ, ಯಾಕೆಂದರೆ ಹಾರಲು ಗಟ್ಟಿ ಚೌಕಟ್ಟು ಬೇಕು, ಬೆನ್ನಿನ ಎಷ್ಟೋ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಬಳುಕುವ ಕೆಲಸವೆಲ್ಲ ಕುತ್ತಿಗೆಗೆ. ಗೂಬೆಯ ಕುತ್ತಿಗೆಯಲ್ಲಿ 14 ಮೂಳೆ. ಜಿರಾಫೆಗೆ ಎಷ್ಟು ಗೊತ್ತಾ? ಇಲಿಗೆ ಇರುವಷ್ಟೇ, 7. ಸಸ್ತನಿಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಇಷ್ಟೇ.

ಕಪ್ಪೆ ಇನ್ನೂ ವಿಚಿತ್ರ. ಬೆನ್ನು ಮೋಟು, ಪಕ್ಕೆಲುಬು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎದೆ ಉಬ್ಬಿಸಿ ಉಸಿರೆಳೆಯಲು ಬರುವುದಿಲ್ಲ, ಗಾಳಿಯನ್ನು ಗಂಟಲಿಂದ ನುಂಗುತ್ತದೆ. ಸುಮ್ನೆ ಕೂತ ಕಪ್ಪೆಯ ಗಂಟಲು ಪಟಪಟ ಆಡುವುದು ಅದಕ್ಕೇ. ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ, ಹಾಗಾಗಿ ಒಣಗಿದರೆ ಕಷ್ಟ. ಹುಳ ನುಂಗುವಾಗ ಕಣ್ಣು ಗಮನಿಸಿ, ಗುಡ್ಡೆಗಳು ಒಳಗೆ ಇಳಿದು ಹುಳವನ್ನು ಗಂಟಲಿಗೆ ತಳ್ಳುತ್ತವೆ.

ಹೃದಯದ ಕೋಣೆ ಲೆಕ್ಕ ಪುಸ್ತಕದಲ್ಲೇ ಸಿಗುತ್ತದೆ: ಮೀನಿಗೆ 2, ಕಪ್ಪೆಗೆ 3, ಹಕ್ಕಿಗೂ ಸಸ್ತನಿಗೂ 4. ಸರೀಸೃಪಗಳಿಗೆ 3 ಅಂತ ಬರೆದು ಮುಂದೆ ಹೋಗಬೇಡಿ, ಮೊಸಳೆಗೆ 4 ಇವೆ. ವಂಶದಲ್ಲಿ ಅದು ಹಲ್ಲಿಗಿಂತ ಹಕ್ಕಿಗೇ ಜಾಸ್ತಿ ಹತ್ತಿರ. ಮೊಸಳೆ ಮರಿಗಳೂ ಹಕ್ಕಿಮರಿಗಳ ಹಾಗೆ ಮೊಟ್ಟೆಯೊಳಗಿಂದಲೇ ಕೂಗುತ್ತವೆ. ತಾಯಿ ಗೂಡನ್ನು ಕೆದಕಿ, ಅವನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಒಯ್ಯುತ್ತದೆ.