ಸಮುದ್ರದ ಪ್ಲಾಟ್‌ಫಾರಂ ಅಷ್ಟು ಗಟ್ಟಿ ಇದ್ದರೂ ವೆಲ್ಡ್ ಹತ್ತಿರವೇ ಯಾಕೆ ಬಿರುಕು ಬಿಡುತ್ತದೆ?

ನೀವು ಕೇಳಿದ್ದು ಇಷ್ಟು: ಎಣ್ಣೆ ಪ್ಲಾಟ್‌ಫಾರಂನ ಪೈಪುಗಳು ತಮ್ಮ ಶಕ್ತಿಗಿಂತ ಎಷ್ಟೋ ಕಡಿಮೆ ಭಾರ ಹೊರುತ್ತವೆ, ಆದರೂ ಜಾಯಿಂಟ್‌ನಲ್ಲಿ ಫಟೀಗ್ ಬಿರುಕು, ಅಂದರೆ ಸಣ್ಣ ಭಾರವೇ ಮತ್ತೆ ಮತ್ತೆ ಬಿದ್ದು ಬರುವ ಬಿರುಕು, ಬರುತ್ತದಂತೆ, ಇನ್ನೂ ಗಟ್ಟಿ ಉಕ್ಕು ಹಾಕಿದರೆ ಆಗಲ್ವಾ?

ಆಗಲ್ಲ. ನಾನು ಹನ್ನೊಂದು ವರ್ಷ ಮುಂಬೈ ಆಚೆ ಸಮುದ್ರದಲ್ಲಿರುವ ಎಣ್ಣೆ ಬಾವಿಗಳ ಜಾಗ ಬಾಂಬೆ ಹೈ ಕಡೆಯ ಕೆಲಸಗಳಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ಆದರೆ ಈ ವಿಷಯ ನನ್ನ ಮನಸ್ಸಿಗೆ ನಾಟಿದ್ದು ಸಮುದ್ರದಲ್ಲಲ್ಲ, ಗುಬ್ಬಿ–ತಿಪಟೂರು ರಸ್ತೆಯಲ್ಲಿ.

ನಮ್ಮಪ್ಪನ ಟ್ರೇಲರ್‌ಗೆ ಮುಂದೆ, ಟ್ರಾಕ್ಟರಿಗೆ ಸಿಕ್ಕಿಸುವ ಉದ್ದನೆಯ ಕಬ್ಬಿಣದ ಚಾನೆಲ್ ಇದೆಯಲ್ಲ, ಅದಕ್ಕೆ ನೀರಿನ ಕ್ಯಾನ್ ನೇತುಹಾಕಲು ಒಂದು ಕೊಂಡಿ ವೆಲ್ಡ್ ಮಾಡಿಸಿದ್ದರು. ಬೆರಳುದ್ದದ ಸರಳು, ಐದು ನಿಮಿಷದ ಕೆಲಸ. ಮೂರು ವರ್ಷ ಆದಮೇಲೆ ಕಾಯಿ ತುಂಬಿಕೊಂಡು ಹೋಗುವಾಗ ನಿಟ್ಟೂರಿನ ಹತ್ತಿರ ಆ ಚಾನೆಲ್ ತುಂಡಾಯಿತು. ಲೋಡ್ ಜಾಸ್ತಿ ಇರಲಿಲ್ಲ, ದಿನಾ ಹಾಕುವಷ್ಟೇ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಮುರಿದದ್ದು ಸರಿಯಾಗಿ ಕೊಂಡಿಯ ಬುಡದಲ್ಲಿ. ಮುಕ್ಕಾಲು ಭಾಗ ನುಣುಪಾಗಿತ್ತು, ತುಕ್ಕು ಹಿಡಿದು ಕಪ್ಪಾಗಿತ್ತು. ಅದರ ಮೇಲೆ ಬಾಗಿದ ಗೆರೆಗಳು, ಬೇಸಿಗೆಯಲ್ಲಿ ಕೆರೆ ನೀರು ಇಳಿಯುತ್ತಾ ದಡದಲ್ಲಿ ಬಿಟ್ಟುಹೋಗುವ ಗೆರೆಗಳ ಹಾಗೆ. ಉಳಿದ ಕಾಲು ಭಾಗ ಮಾತ್ರ ಒರಟಾಗಿ, ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಆವತ್ತು ಮುರಿದದ್ದು ಆ ಕಾಲು ಭಾಗ ಅಷ್ಟೇ. ಮಿಕ್ಕಿದ್ದು ತಿಂಗಳುಗಟ್ಟಲೆ, ಪ್ರತಿ ಹಳ್ಳಕ್ಕೂ ಪ್ರತಿ ಹಂಪ್‌ಗೂ ಕೂದಲೆಳೆಗಿಂತ ಕಡಿಮೆ ಸೀಳುತ್ತಾ ಬಂದಿತ್ತು.

ಸಮುದ್ರದಲ್ಲೂ ಇದೇ ಕಥೆ. ಆರೇಳು ಸೆಕೆಂಡಿಗೆ ಒಂದು ಅಲೆ ಅಂದುಕೊಂಡರೂ ವರ್ಷಕ್ಕೆ ಸುಮಾರು 50 ಲಕ್ಷ ಸಲ ಪೈಪು ಎಳೆಸಿಕೊಳ್ಳುತ್ತದೆ, ಒತ್ತಿಸಿಕೊಳ್ಳುತ್ತದೆ. ದಪ್ಪ ಕಾಲಿನ ಪೈಪಿಗೆ ಸಣ್ಣ ಅಡ್ಡಪೈಪು ಬಂದು ಸೇರುವ ಜಾಗದಲ್ಲಿ ಬಲವೆಲ್ಲ ಒಂದೆರಡು ಕಡೆ ಗುಂಪಾಗುತ್ತದೆ. ಅಲ್ಲಿನ ಒತ್ತಡ ಪೈಪಿನ ಉಳಿದ ಭಾಗಕ್ಕಿಂತ ಹಲವು ಪಟ್ಟು ಇರಬಹುದು. ವೆಲ್ಡಿನ ಅಂಚು ಇರುವುದೂ ಅಲ್ಲೇ. ಆ ಅಂಚಿನಲ್ಲಿ ಕಣ್ಣಿಗೆ ಕಾಣದ ಗೀರು, ಸ್ಲ್ಯಾಗ್ (ವೆಲ್ಡ್ ಮಾಡುವಾಗ ಉಳಿಯುವ ಕಿಟ್ಟ) ಚೂರು ಇದ್ದೇ ಇರುತ್ತವೆ. ಎಂಥ ಒಳ್ಳೆ ವೆಲ್ಡರ್ ಮಾಡಿದರೂ ಇರುತ್ತವೆ.

ಗಟ್ಟಿ ಉಕ್ಕು ಕೆಲಸಕ್ಕೆ ಬಾರದೇ ಇರುವುದು ಇದಕ್ಕೇ. ಗೀರು ಮೊದಲೇ ಇದೆ. ಇನ್ನು ಬೆಳೆಯುವುದಷ್ಟೇ ಬಾಕಿ. ಬೆಳೆಯುವ ವೇಗ ಉಕ್ಕಿನ ಗ್ರೇಡ್ ನೋಡಿ ಅಷ್ಟೇನೂ ಬದಲಾಗಲ್ಲ, ಒತ್ತಡದ ಏರಿಳಿತ ನೋಡಿ ಬದಲಾಗುತ್ತದೆ. ಏರಿಳಿತ ಎರಡು ಪಟ್ಟಾದರೆ ಆಯುಸ್ಸು ಹೆಚ್ಚುಕಮ್ಮಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಟ್ಟಿ ಉಕ್ಕು ಅಂತ ಪೈಪಿನ ದಪ್ಪ ಕಡಿಮೆ ಮಾಡಿದರೆ ಕೇಡನ್ನು ನಾವೇ ಕರೆದಂತೆ.

ನಾರ್ವೆಯ ಅಲೆಕ್ಸಾಂಡರ್ ಕೀಲ್ಯಾಂಡ್ ಬಗ್ಗೆ ನೀವು ಓದಲೇಬೇಕು. ಎಣ್ಣೆ ಕೆಲಸಗಾರರು ತಂಗಲು ಬಳಸುತ್ತಿದ್ದ, ಐದು ಕಾಲಿನ ತೇಲುವ ಪ್ಲಾಟ್‌ಫಾರಂ ಅದು. 1980ರ ಮಾರ್ಚ್ 27ರ ಸಂಜೆ ಒಂದು ಕಾಲು ಕಿತ್ತುಹೋಯಿತು. ಅರ್ಧ ಗಂಟೆಯೊಳಗೆ ಇಡೀ ಪ್ಲಾಟ್‌ಫಾರಂ ಮಗುಚಿತು. 212 ಜನರಲ್ಲಿ 123 ಜನ ಸತ್ತರು. ಮೊದಲು ಮುರಿದದ್ದು ಒಂದು ಅಡ್ಡಪೈಪು. ಆ ಪೈಪಿಗೆ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಶಬ್ದ ಕೇಳುವ ಸಾಧನ, ಕೂರಿಸಲು ಒಂದು ಹಿಡಿಕೆಯನ್ನು 6 ಮಿಲಿಮೀಟರ್ ವೆಲ್ಡ್‌ನಲ್ಲಿ ಬೆಸೆದಿದ್ದರು. ಬಿರುಕು ಶುರುವಾದದ್ದು ಅಲ್ಲಿಂದ. ಬಿರುಕಿನ ಒಳಗೆ ಪೇಂಟ್ ಸಿಕ್ಕಿತು. ಅಂದರೆ ಪ್ಲಾಟ್‌ಫಾರಂ ಸಮುದ್ರಕ್ಕೆ ಇಳಿಯುವ ಮೊದಲೇ, ಅದನ್ನು ಕಟ್ಟುವ ಯಾರ್ಡ್‌ನಲ್ಲಿ ಪೇಂಟ್ ಹೊಡೆಯುವಾಗಲೇ ಬಿರುಕು ಇತ್ತು. ಇದನ್ನು ಓದಿದ ದಿನ ನನಗೆ ನಮ್ಮಪ್ಪನ ನೀರಿನ ಕ್ಯಾನ್ ಕಣ್ಮುಂದೆ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ಏನು ಮಾಡುತ್ತಾರೆ ಅಂದರೆ, ಜಾಯಿಂಟ್ ಹತ್ತಿರ ಪೈಪಿನ ದಪ್ಪ ಹೆಚ್ಚಿಸುತ್ತಾರೆ. ವೆಲ್ಡಿನ ಅಂಚನ್ನು ಗ್ರೈಂಡ್ ಮಾಡಿ ನುಣ್ಣಗೆ ಬಾಗಿಸುತ್ತಾರೆ. ನೀರಿನೊಳಗಿನ ಜಾಯಿಂಟನ್ನು ಡೈವರ್‌ಗಳು ಪಾಚಿ, ಚಿಪ್ಪು ಕೆರೆದು, ಅಯಸ್ಕಾಂತ ಹಿಡಿದು ಕಬ್ಬಿಣದ ಪುಡಿ ಬಿಟ್ಟು ನೋಡುತ್ತಾರೆ. ಬಿರುಕು ಇದ್ದರೆ ಪುಡಿ ಅಲ್ಲಿ ಗೆರೆಯಾಗಿ ನಿಲ್ಲುತ್ತದೆ. ನೋಡಲು ಆಗದ, ಮುರಿದರೆ ಬೇರೆ ಗತಿಯಿಲ್ಲದ ಜಾಯಿಂಟ್ ಆದರೆ ಲೆಕ್ಕದಲ್ಲಿ ಹತ್ತು ಪಟ್ಟು ಆಯುಸ್ಸು ಇಡುತ್ತಾರೆ. 25 ವರ್ಷದ ಪ್ಲಾಟ್‌ಫಾರಂಗೆ 250 ವರ್ಷ.

ನೀವು ತುಮಕೂರಿನಲ್ಲೇ ಓದುತ್ತಿದ್ದೀರಿ ಅಂದಿದ್ದೀರಿ. ಅಂತರಸನಹಳ್ಳಿ ಕಡೆ ಯಾವುದಾದರೂ ವೆಲ್ಡಿಂಗ್ ಶಾಪಿಗೆ ಹೋಗಿ, ಗುಜರಿಗೆ ಹಾಕಿದ ಮುರಿದ ಆಕ್ಸಲ್, ಲೀಫ್ ಸ್ಪ್ರಿಂಗ್ ಕೇಳಿ ನೋಡಿ. ನುಣುಪು ಎಲ್ಲಿಂದ ಶುರುವಾಗಿದೆ ಅಂತ ಹುಡುಕಿ. ಫೋಟೋ ತೆಗೆದು ಇಲ್ಲಿ ಹಾಕಿದರೆ ನಾನೂ ನೋಡಿ ಹೇಳುತ್ತೇನೆ.